ನಾನು ಹೇಳಿದ್ದು, ಅಕ್ಕ ಬರೆದದ್ದು

ಅರ್ಜಿಯ ಕೊನೆಯ ಪುಟದಲ್ಲಿ ಒಂದು ಚಿತ್ರವಿತ್ತಂತೆ. ಅದರೊಳಗೆ ಅಡ್ಡಾದಿಡ್ಡಿ ಬರೆದ ಆರು ಅಕ್ಷರಗಳನ್ನು ನೋಡಿ ಕೆಳಗಿನ ಚೌಕದಲ್ಲಿ ತುಂಬಬೇಕು, ಆಮೇಲೇ ಅರ್ಜಿ ಮುಂದೆ ಹೋಗುವುದು. ನನ್ನ ಕಂಪ್ಯೂಟರ್ ಪರದೆಯ ಮೇಲಿರುವುದನ್ನೆಲ್ಲ ಓದಿ ಹೇಳುತ್ತದೆ. ಆ ಜಾಗಕ್ಕೆ ಬಂದಾಗ ಮಾತ್ರ "ಇಮೇಜ್" ಎಂದು ಸುಮ್ಮನಾಗುತ್ತಿತ್ತು. ಹುದ್ದೆ ಯಾವುದು ಅಂತೀರಿ? ಅಂಗವಿಕಲರ ಹಕ್ಕುಗಳ ಕಾಯ್ದೆಯನ್ನು ಜಾರಿ ಮಾಡುವ ಕಚೇರಿಯಲ್ಲಿ ಸಹಾಯಕ ಅಧಿಕಾರಿ. ದೂರು ಬಂದ ಜಾಗಕ್ಕೆ ಹೋಗಿ ವಿಚಾರಿಸುವುದು, ಕಾಯ್ದೆ ಮುರಿದವರಿಗೆ ನೋಟಿಸ್ ಕೊಡುವುದು, ಉತ್ತರ ಬಾರದಿದ್ದರೆ ಮುಂದಿನ ಕ್ರಮಕ್ಕೆ ಕಡತ ಸಿದ್ಧಮಾಡುವುದು. ಇದ್ದದ್ದು ಒಂದೇ ಹುದ್ದೆ, ಅದೂ ದೃಷ್ಟಿಯಿಲ್ಲದವರಿಗೆ ಮೀಸಲು. ಅರ್ಜಿ ಹಾಕಲು ಮಾತ್ರ ಕಣ್ಣಿರಬೇಕಿತ್ತು.

ಇದು ೨೦೧೮ರ ಮಾತು. ಬ್ಯಾಟರಾಯನಪುರದಲ್ಲಿ ಒಂದು ಟ್ರಸ್ಟಿನ ಸಹಾಯವಾಣಿಯಲ್ಲಿ ನಾನು ಗುತ್ತಿಗೆಯ ಮೇಲೆ ಕೆಲಸ ಮಾಡುತ್ತಿದ್ದೆ. ಅಕ್ಷರಗಳನ್ನು ನೋಡಿ ತುಂಬಿಕೊಟ್ಟವರು ನಮ್ಮ ಲೆಕ್ಕಪತ್ರದವರು. ಮೂರು ಸಲ ತಪ್ಪಾಗಿ, ನಾಲ್ಕನೇ ಸಲಕ್ಕೆ "ಹೋಯ್ತು ಮೇಡಂ, ಹೋಯ್ತು!" ಎಂದು ಮೇಜು ಗುದ್ದಿದರು. ಕಣ್ಣಿದ್ದವರಿಗೂ ಅಷ್ಟು ಕಷ್ಟವಾಯಿತಲ್ಲ ಎಂದು ನನಗೆ ಒಳಗೊಳಗೇ ಖುಷಿಯಾಯಿತು, ಸುಳ್ಳೇಕೆ ಹೇಳಲಿ.

ಈ ಕೆಲಸ ನನಗೆ ಯಾಕೆ ಬೇಕಿತ್ತು ಎಂಬುದನ್ನು ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಸಹಾಯವಾಣಿಗೆ ದೂರುಗಳು ಬರುತ್ತಿದ್ದವು. ಬಸ್ಸು ನಿಲ್ಲಿಸಲಿಲ್ಲ, ಬ್ಯಾಂಕಿನವರು ಖಾತೆ ತೆರೆಯಲಿಲ್ಲ, ಶಾಲೆಯವರು ಮಗುವನ್ನು ಸೇರಿಸಿಕೊಳ್ಳಲಿಲ್ಲ. ನಾನು ಸಂಬಂಧಪಟ್ಟವರಿಗೆ ಪತ್ರ ಬರೆಯುತ್ತಿದ್ದೆ. ಅವರು "ಪರಿಶೀಲಿಸಲಾಗುವುದು" ಎಂದು ಉತ್ತರ ಬರೆಯುತ್ತಿದ್ದರು, ಇಲ್ಲವೇ ಅದನ್ನೂ ಬರೆಯುತ್ತಿರಲಿಲ್ಲ. ಅದೇ ಪತ್ರ ಆ ಕಚೇರಿಯಿಂದ ಹೋದರೆ ಅದಕ್ಕೆ ನೋಟಿಸ್ ಎಂಬ ಹೆಸರು ಬರುತ್ತದೆ, ಓದಿದವರು ಎದ್ದು ಕೂರುತ್ತಾರೆ. ನನಗಾಗ ನಲವತ್ತನಾಲ್ಕು ವರ್ಷ. ವಯಸ್ಸಿನ ಎಲ್ಲ ಸಡಿಲಿಕೆಗಳನ್ನು ಕೂಡಿಸಿದರೂ ಅದೇ ಕೊನೆಯ ಅವಕಾಶ. ಅದು ತಪ್ಪಿದರೆ ಉಳಿದ ಕಾಲವೆಲ್ಲ ಬೇಡಿಕೊಳ್ಳುವ ಪತ್ರಗಳನ್ನೇ ಬರೆಯುತ್ತ ಕೂರಬೇಕಿತ್ತು.

ಮೊದಲ ತೊಡಕು ವೈದ್ಯಕೀಯ ಪ್ರಮಾಣಪತ್ರದ್ದು. ಹೊಸ ಕಾಯ್ದೆ ಬಂದಮೇಲೆ ಹಳೆಯ ಪ್ರಮಾಣಪತ್ರ ನಡೆಯುವುದಿಲ್ಲ, ಹೊಸ ನಮೂನೆಯಲ್ಲೇ ಬೇಕು ಎಂದರು. ಹುಟ್ಟಿದಾಗಿನಿಂದ ಇಲ್ಲದ ದೃಷ್ಟಿ ಈ ನಡುವೆ ಬಂದುಬಿಟ್ಟಿದೆಯೇ ಎಂದು ಪರೀಕ್ಷಿಸಲು ಆಸ್ಪತ್ರೆಗೆ ಹೋದೆ. ಡಾಕ್ಟರು ಮುಖದ ಮುಂದೆ ಕೈ ಹಿಡಿದು, "ಎಷ್ಟು ಬೆರಳು ಹೇಳಿ?" ಎಂದರು. "ನಿಮಗೆ ಎಷ್ಟಿದ್ಯೋ ಅಷ್ಟು ಸಾರ್" ಎಂದೆ. ಆ ಮಾತಿಗೆ ಪ್ರಮಾಣಪತ್ರ ಒಂದು ವಾರ ತಡವಾಗಿ ಸಿಕ್ಕಿತು. ನನ್ನ ನಾಲಿಗೆಯಿಂದ ನನಗೆ ಆಗಿರುವ ನಷ್ಟಗಳಲ್ಲಿ ಇದು ಚಿಕ್ಕದು.

ಎರಡನೆಯದು ಸ್ಕ್ರೈಬ್. ನಾನು ಹೇಳಿದ್ದನ್ನು ಪರೀಕ್ಷೆಯಲ್ಲಿ ಬರೆಯಲು ಒಬ್ಬರು ಬೇಕು. ಆ ಹುದ್ದೆಗೆ ಪದವಿ ಅರ್ಹತೆಯಾದ್ದರಿಂದ ಬರೆಯುವವರು ಪದವಿ ಮಾಡಿರಬಾರದು. ಸಾಮಾನ್ಯವಾಗಿ ಪಿಯುಸಿ ಓದುವ ಹುಡುಗಿಯರು ಬರುತ್ತಾರೆ. ಆ ಸಲ ಅವರಿಗೆಲ್ಲ ಅದೇ ವಾರ ಪರೀಕ್ಷೆ. ಏಳೆಂಟು ಕಡೆ ಕೇಳಿದೆ, ಎಲ್ಲ ಕಡೆ "ಸಾರಿ ಆಂಟಿ."

ಕೊನೆಗೆ ಸಿಕ್ಕಿದವರು ನಮ್ಮ ವಠಾರದಲ್ಲೇ ಇದ್ದರು. ಚಿಕ್ಕಬಾಣಾವರದಲ್ಲಿ ನಮ್ಮ ಮನೆಯಿಂದ ಮೂರನೇ ಬಾಗಿಲು. ಬಾಗಲಕೋಟೆ ಕಡೆಯವರು, ಗಂಡ ಯಶವಂತಪುರದ ಹತ್ತಿರ ಒಂದು ಫ್ಯಾಕ್ಟರಿಯಲ್ಲಿ ಫಿಟ್ಟರ್. ನನಗಿಂತ ಆರೇಳು ವರ್ಷ ದೊಡ್ಡವರಾದ್ದರಿಂದ ನಾನು ಅಕ್ಕ ಎನ್ನುತ್ತಿದ್ದೆ. ಅವರು ನನ್ನನ್ನು "ಅಕ್ಕೋರ" ಎನ್ನುತ್ತಿದ್ದರು, ಅವರ ಕಡೆ ಶಾಲೆಯ ಟೀಚರನ್ನು ಹಾಗೆ ಕರೆಯುತ್ತಾರಂತೆ. ಓದಿದ್ದು ಎಸ್ಸೆಸ್ಸೆಲ್ಸಿ. ಆದರೆ ಇಡೀ ಬೀದಿಯ ಅರ್ಜಿಗಳನ್ನು ಬರೆಯುತ್ತಿದ್ದವರು ಅವರೇ. ನೀರು ಬರದಿದ್ದರೆ, ಚರಂಡಿ ಕಟ್ಟಿಕೊಂಡರೆ, ರೇಷನ್ ಕಾರ್ಡಿನಲ್ಲಿ ಹೆಸರು ಬಿಟ್ಟುಹೋದರೆ ಜನ ಅವರ ಬಾಗಿಲಿಗೆ ಬರುತ್ತಿದ್ದರು. ಅಕ್ಷರ ಅಚ್ಚು ಹಾಕಿದ ಹಾಗಿದೆ ಎಂದು ನೋಡಿದವರು ಹೇಳುತ್ತಿದ್ದರು.

ಕೇಳಿದಾಗ ಮೊದಲು ಹೆದರಿದರು. "ಮೂವತ್ತ ವರ್ಷ ಆತ್ರಿ ಪರೀಕ್ಷಾ ಹಾಲ್ ಕಂಡು. ಕೈ ನಡುಗಿದ್ರ?"

"ನಡುಗಿದ್ರೆ ನಡುಗಲಿ ಅಕ್ಕ. ತಲೆ ನಂದು, ಕೈ ಮಾತ್ರ ನಿಮ್ದು."

"ಹಂಗಾರ ಆತು ಬಿಡ್ರಿ. ಕೈ ಕೊಡ್ತೇನಿ," ಎಂದು ನಕ್ಕರು.

ಸ್ಕ್ರೈಬ್ ಅನುಮತಿಗೆ ಅವರ ಅಂಕಪಟ್ಟಿ ಬೇಕಿತ್ತು. ಅದು ತವರುಮನೆಯ ಟ್ರಂಕಿನಲ್ಲಿತ್ತು. ಊರಿನವರೊಬ್ಬರು ರೈಲಿನಲ್ಲಿ ತಂದು ಯಶವಂತಪುರ ಸ್ಟೇಷನ್ನಿನಲ್ಲಿ ಕೈಗೆ ಕೊಟ್ಟು ಹೋದರು. ತೆರೆದು ನೋಡಿದರೆ ಅದರಲ್ಲಿ ಅವರ ತವರಿನ ಹೆಸರು, ಆಧಾರ್ ಕಾರ್ಡಿನಲ್ಲಿ ಗಂಡನ ಮನೆಯ ಹೆಸರು. ಎರಡೂ ಒಬ್ಬರೇ ಎಂದು ಛಾಪಾಕಾಗದದ ಮೇಲೆ ಪ್ರಮಾಣ ಮಾಡಿಸಲು ಯಲಹಂಕದ ನೋಟರಿಯ ಹತ್ತಿರ ಹೋದೆವು. ಅನುಮತಿಯ ನಮೂನೆಯ ಕೊನೆಯಲ್ಲಿ ಒಂದು ಮುಚ್ಚಳಿಕೆಯಿತ್ತು: ಅಭ್ಯರ್ಥಿ ಹೇಳಿದ್ದನ್ನು ಬಿಟ್ಟು ಬೇರೇನನ್ನೂ ಬರೆಯುವುದಿಲ್ಲ, ತಪ್ಪಿದರೆ ಇಬ್ಬರ ಮೇಲೂ ಕ್ರಮ ಕೈಗೊಳ್ಳಬಹುದು. ಅಕ್ಕ ಅದನ್ನು ನನಗೆ ಗಟ್ಟಿಯಾಗಿ ಓದಿ ಹೇಳಿಯೇ ಸಹಿ ಹಾಕಿದರು. ಅವರ ಕೆಳಗೆ ನಾನೂ ಹಾಕಿದೆ.

ಮೂರು ವಾರ ಅಭ್ಯಾಸ ಮಾಡಿದೆವು. ನಾನು ಕೆಲಸದಿಂದ ಬಂದಮೇಲೆ ಸಂಜೆ ಅವರ ಅಡುಗೆಮನೆಯ ಹೊಸ್ತಿಲ ಮೇಲೆ ಪಾಠ. ಬರೆಯುವವರ ಜೊತೆ ಕೆಲಸ ಮಾಡುವುದಕ್ಕೆ ಒಂದು ಕ್ರಮವಿದೆ. ಪ್ರಶ್ನೆಯನ್ನು ಇದ್ದಹಾಗೆ ಓದಬೇಕು, ಅರ್ಥ ಹೇಳಬಾರದು. ನಾನು "ಚುಕ್ಕೆ" ಎಂದರೆ ವಾಕ್ಯ ಮುಗಿಯಿತು, "ಕೆಳಗೆ" ಎಂದರೆ ಹೊಸ ಪ್ಯಾರಾ. ಮೇಜು ಒಮ್ಮೆ ತಟ್ಟಿದರೆ ನಿಲ್ಲಿಸಬೇಕು, ಎರಡು ಸಲ ತಟ್ಟಿದರೆ ಬರೆದದ್ದನ್ನು ವಾಪಸು ಓದಬೇಕು. ಈ ವಾಪಸು ಓದಿಸುವುದೇ ಮುಖ್ಯ. ಕಾಗದದ ಮೇಲೆ ಏನಿದೆ ಎಂದು ತಿಳಿಯಲು ನನಗೆ ಇರುವುದು ಅದೊಂದೇ ದಾರಿ.

ಅಕ್ಕನಿಗೆ ಸುಮ್ಮನಿರುವುದು ಕಷ್ಟವಾಗುತ್ತಿತ್ತು. ಅರ್ಧ ವಾಕ್ಯದಲ್ಲೇ "ಖರೇ ಐತ್ರಿ!" ಎಂದು ಉದ್ಗಾರ. ಗಾಲಿಕುರ್ಚಿಯವರಿಗೆ ಶೌಚಾಲಯವಿಲ್ಲದ ಕಚೇರಿಯ ಬಗ್ಗೆ ಒಂದು ಪ್ರಬಂಧ ಹೇಳುತ್ತಿದ್ದಾಗ ಪೆನ್ನು ಕೆಳಗಿಟ್ಟು, "ಇಂಥವರಿಗೆ ಮಕ್ಕಳು ಮರಿ ಇಲ್ಲೇನ್ರಿ?" ಎಂದರು. ನಾನು ರೇಗಿದೆ. "ಪರೀಕ್ಷೇಲಿ ಹಿಂಗೆ ಮಾತಾಡಿದ್ರೆ ಇಬ್ರನ್ನೂ ಹೊರಗೆ ಹಾಕ್ತಾರೆ ಅಕ್ಕ." ಮರುದಿನದಿಂದ ಬಾಯಿಗೆ ಒಂದು ಏಲಕ್ಕಿ ಹಾಕಿಕೊಂಡು ಕೂರತೊಡಗಿದರು. ಅದು ಕೆಲಸ ಮಾಡಿತು.

ಪ್ರಬಂಧ ಬರೆಸಿದೆ, ವರದಿ ಬರೆಸಿದೆ, ಹಳೆಯ ಪ್ರಶ್ನೆಪತ್ರಿಕೆಗಳ ಬಹು ಆಯ್ಕೆ ಪ್ರಶ್ನೆಗಳನ್ನು ತುಂಬಿಸಿದೆ. ನೋಟಿಸ್ ಕರಡು ಮಾತ್ರ ಒಂದು ದಿನವೂ ಬರೆಸಲಿಲ್ಲ. ಕಾಯ್ದೆಯ ಭಾಷೆ ನನಗೆ ಬಾಯಿಪಾಠ, ಅದಕ್ಕೇನು ಅಭ್ಯಾಸ ಎಂಬ ಜಂಬ. ಮುಂದಿನದೆಲ್ಲ ಆ ಜಂಬದಿಂದಲೇ ಹುಟ್ಟಿತು.

ಪರೀಕ್ಷಾ ಕೇಂದ್ರ ಆರ್.ಟಿ. ನಗರದ ಒಂದು ಕಾಲೇಜು. ಯಶವಂತಪುರದಲ್ಲಿ ಬಸ್ ಬದಲಿಸಿ ಹೋದೆವು. ನಮಗೆ ಕೊಟ್ಟದ್ದು ರಸಾಯನಶಾಸ್ತ್ರದ ಲ್ಯಾಬು, ಒಳಗೆ ಕಾಲಿಟ್ಟರೆ ಮೂಗು ಉರಿಯುತ್ತಿತ್ತು. ಬೆಳಗಿನ ಬಹು ಆಯ್ಕೆಯ ಪತ್ರಿಕೆ ಸಲೀಸಾಗಿ ಮುಗಿಯಿತು. ಅಕ್ಕ ಕೇಳಿದ್ದಕ್ಕಿಂತ ಒಂದು ಮಾತು ಹೆಚ್ಚು ಆಡಲಿಲ್ಲ. ಊಟಕ್ಕೆ ಅವರು ತಂದ ರೊಟ್ಟಿ ತಿಂದೆವು.

ಮಧ್ಯಾಹ್ನದ್ದು ಬರವಣಿಗೆಯ ಪತ್ರಿಕೆ. ಎರಡು ಗಂಟೆ, ನನ್ನಂಥವರಿಗೆ ಗಂಟೆಗೆ ಇಪ್ಪತ್ತು ನಿಮಿಷದಂತೆ ನಲವತ್ತು ನಿಮಿಷ ಹೆಚ್ಚು. ಅದನ್ನು ನಂಬಿ ಸಮಯ ಹಂಚಿಕೊಂಡಿದ್ದೆ. ಪ್ರಬಂಧ ಮುಗಿದು ವಾಪಸು ಓದಿಸಿದ್ದಾಗಿತ್ತು, ವರದಿಯೂ ಆಗಿತ್ತು. ಕೊನೆಯ ಪ್ರಶ್ನೆ, ಇಪ್ಪತ್ತು ಅಂಕದ್ದು, ಶುರುವಾಗಬೇಕು, ಅಷ್ಟರಲ್ಲಿ ಗಂಟೆ ಹೊಡೆಯಿತು. ಮೇಲ್ವಿಚಾರಕರು ಬಂದು ಉತ್ತರಪತ್ರಿಕೆಗೆ ಕೈ ಹಾಕಿದರು.

"ಟೈಮ್ ಆಯ್ತು, ಕೊಡಿ."

"ಸಾರ್, ನನಗೆ ಇನ್ನೂ ನಲವತ್ ನಿಮಿಷ ಇದೆ."

"ನಂಗೆ ಯಾರೂ ಹೇಳಿಲ್ಲಮ್ಮ. ಆರ್ಡರ್ ಇದ್ರೆ ತೋರ್ಸಿ."

"ಆರ್ಡರ್ ನಿಮ್ಮ ಕಚೇರೀಲಿ ಇರ್ಬೇಕು ಸಾರ್. ನಂಗೆ ಬಾಯಲ್ಲಿದೆ, ಹೇಳ್ಲಾ?"

ಹೇಳಿದೆ. ಅವರು ಕೇಳಲಿಲ್ಲ. ಪತ್ರಿಕೆಯ ಒಂದು ತುದಿ ಅವರ ಕೈಯಲ್ಲಿ, ಇನ್ನೊಂದು ತುದಿ ನನ್ನ ಕೈಯಲ್ಲಿ. ಅಕ್ಕ ನಡುವೆ ಬಂದು, "ಅಣ್ಣಾರ, ಕೈ ಮುಗೀತೇನ್ರಿ, ದೊಡ್ಡವರು ಯಾರರ ಇದ್ರ ಕೇಳ್ರಿ," ಎಂದರು. ಅವರ ಆ ಮಾತಿಗೇ ಇರಬೇಕು, ಮನುಷ್ಯ ಹೊರಗೆ ಹೋಗಿ ಫೋನ್ ಮಾಡಿದರು. ಮುಖ್ಯ ಅಧೀಕ್ಷಕರು ಹೆಚ್ಚಿನ ಸಮಯ ಕೊಡಿ ಎಂದರಂತೆ. ಅಷ್ಟರಲ್ಲಿ ಹದಿನೈದು ನಿಮಿಷ ಹೋಗಿತ್ತು. ಅದನ್ನು ಮರಳಿ ಕೊಡಲು ಅವರು ಒಪ್ಪಲಿಲ್ಲ, ಜಗಳ ಮಾಡಲು ನನಗೂ ಸಮಯವಿರಲಿಲ್ಲ.

ಪ್ರಶ್ನೆ ಹೀಗಿತ್ತು: ಅಂಗವಿಕಲ ಮಗುವಿಗೆ ಪ್ರವೇಶ ನಿರಾಕರಿಸಿದ ಶಾಲೆಗೆ ನೋಟಿಸ್ ಸಿದ್ಧಪಡಿಸಿ. ನನಗೆ ನಗು ಬಂತು. ನಿದ್ದೆಯಲ್ಲಿ ಎಬ್ಬಿಸಿದರೂ ಹೇಳುವ ಉತ್ತರ. ಎರಡು ಪುಟ ತುಂಬುವಷ್ಟು ಒಂದೇ ಸಮ ಹೇಳಿದೆ. ನಿಮ್ಮ ಶಾಲೆಯ ಕ್ರಮ ಕಾಯ್ದೆಯ ಹದಿನಾರನೇ ಕಲಮಿನ ಉಲ್ಲಂಘನೆಯಾಗಿದೆ, ಚುಕ್ಕೆ. ಈ ನೋಟಿಸ್ ತಲುಪಿದ ಏಳು ದಿನಗಳೊಳಗೆ ಮಗುವಿಗೆ ಪ್ರವೇಶ ನೀಡಿ ಲಿಖಿತ ವರದಿ ಸಲ್ಲಿಸತಕ್ಕದ್ದು, ಚುಕ್ಕೆ. ತಪ್ಪಿದಲ್ಲಿ ಕಾನೂನು ಕ್ರಮ ಜರುಗಿಸಲಾಗುವುದು, ಚುಕ್ಕೆ. ಅಕ್ಕನ ಪೆನ್ನು ನಡುನಡುವೆ ತಡವರಿಸುತ್ತಿತ್ತು. ಕೈ ಸೋತಿದೆ ಎಂದುಕೊಂಡೆ. ಮುಗಿದಾಗ ಎರಡು ನಿಮಿಷ ಉಳಿದಿತ್ತು. ಆ ಎರಡು ನಿಮಿಷದಲ್ಲಿ ನೋಂದಣಿ ಸಂಖ್ಯೆ ಸರಿಯಾಗಿದೆಯೇ ಎಂದು ಓದಿಸಿದೆ. ನೋಟಿಸನ್ನು ಓದಿಸಲಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ಸೀಟು ಸಿಕ್ಕಿತು. ನಾನು ಒಳ್ಳೆಯ ಹುರುಪಿನಲ್ಲಿದ್ದೆ. ಮೇಖ್ರಿ ಸರ್ಕಲ್ ದಾಟಿದ ಮೇಲೆ ಅಕ್ಕ ಮೆಲ್ಲಗೆ ಹೇಳಿದರು.

"ಅಕ್ಕೋರ, ಆ ಕಡೀ ಪತ್ರ ಭಾಳ ಬಿರುಸ ಆಗಿತ್ರಿ. ನಾ ಸ್ವಲ್ಪ ಮೆತ್ತಗ ಮಾಡೇನಿ ನೋಡ್ರಿ."

"ಮೆತ್ತಗೆ ಅಂದ್ರೆ?"

"ವಿಷಯ ಎಲ್ಲಾ ನಿಮ್ದ ಐತ್ರಿ. ಮರ್ಯಾದಿ ಅಷ್ಟ ನಾ ಹಾಕೇನಿ. ದಯಮಾಡಿ, ವಿನಂತಿ, ಅಂತ."

ಬಸ್ಸಿನಲ್ಲಿ ಜನರಿದ್ದರು ಎಂಬುದು ನನಗೆ ಮರೆತುಹೋಯಿತು. "ಅಯ್ಯೋ ದೇವರೇ! ಅದು ನೋಟಿಸ್ ಅಕ್ಕ! ಅರ್ಜಿ ಅಲ್ಲ! ಯಾರ್ ಹೇಳಿದ್ರು ನಿಮ್ಗೆ ಸೇರಿಸೋಕೆ?"

"ಬೈದು ಬರದ್ರ ಯಾರ್ ಕೊಡ್ತಾರ್ರಿ?" ಅವರ ದನಿಯಲ್ಲಿ ತಪ್ಪಿನ ಸುಳಿವೇ ಇರಲಿಲ್ಲ, ಬುದ್ಧಿ ಹೇಳುವ ಧಾಟಿ. "ನಮ್ಮ ಓಣಿಗೆ ನೀರ್ ಬಂದದ್ದು ಹೆಂಗ? ಕೈಮುಗದು ಬರದದ್ದಕ್ಕ. ಇವತ್ತ ಆ ಸಾಹೇಬ ಟೈಮ್ ಕೊಟ್ಟದ್ದು ಹೆಂಗ? ನೀವು ಕಾಯ್ದೆ ಹೇಳಿದ್ರಿ, ಕೊಟ್ನೇನು? ನಾ ಕೈ ಮುಗದೆ, ಕೊಟ್ಟ."

ಆವತ್ತಿನ ಮಟ್ಟಿಗೆ ಅವರು ಹೇಳಿದ್ದು ನಿಜವಾಗಿತ್ತು. ಅದಕ್ಕೇ ಇನ್ನಷ್ಟು ಸಿಟ್ಟು ಬಂತು. ಯಶವಂತಪುರದಲ್ಲಿ ಇಳಿದಾಗ ಅವರು ಎಂದಿನಂತೆ ಮೊಣಕೈ ಚಾಚಿದರು. ನಾನು ಕೋಲು ಬಿಚ್ಚಿಕೊಂಡು ಒಬ್ಬಳೇ ನಡೆದೆ. ಅವರು ನಾಲ್ಕು ಹೆಜ್ಜೆ ಹಿಂದೆ ಬರುತ್ತಿದ್ದದ್ದು ಚಪ್ಪಲಿಯ ಸದ್ದಿನಲ್ಲಿ ಗೊತ್ತಾಗುತ್ತಿತ್ತು.

ಮರುದಿನ ಸಹಾಯವಾಣಿಯ ಮೇಲ್ವಿಚಾರಕರಿಗೆ ಹೇಳಿದೆ. ಅವರಿಗೂ ಕಣ್ಣಿಲ್ಲ, ಇಂಥ ಪರೀಕ್ಷೆಗಳನ್ನು ನನಗಿಂತ ಹೆಚ್ಚು ಬರೆದವರು. "ಈಗಲೇ ಬರೆದು ಕೊಡು. ಸ್ಕ್ರೈಬ್ ಹೇಳಿದ್ದು ಬಿಟ್ಟು ಬೇರೆ ಬರೆದ್ರು ಅಂತ. ಆ ಪ್ರಶ್ನೆಗೆ ಇನ್ನೊಂದ್ ಅವಕಾಶ ಕೊಟ್ರೂ ಕೊಡಬಹುದು," ಎಂದರು.

"ಮುಚ್ಚಳಿಕೆ ಇದೆಯಲ್ಲ ಸಾರ್. ಅವರ ಮೇಲೆ ಕ್ರಮ ತಗೊಂಡ್ರೆ?"

"ತಗೊಂಡ್ರೆ ತಗೋತಾರೆ. ನಿನ್ ಕೊನೇ ಚಾನ್ಸ್ ಅಲ್ವೇನಮ್ಮ ಇದು?"

ಪತ್ರ ಟೈಪ್ ಮಾಡಿದೆ. ನಾಲ್ಕು ದಿನ ಕಂಪ್ಯೂಟರಿನಲ್ಲಿಟ್ಟುಕೊಂಡು ದಿನಕ್ಕೆರಡು ಸಲ ಕೇಳಿಸಿಕೊಂಡೆ. ಐದನೇ ದಿನ ಅಳಿಸಿದೆ. ಇದನ್ನು ನನ್ನ ಒಳ್ಳೆಯತನ ಎಂದು ಯಾರೂ ತಿಳಿಯಬಾರದು. ಬೆಳಗಿನ ಪತ್ರಿಕೆ ಚೆನ್ನಾಗಿ ಆಗಿತ್ತು, ನೋಟಿಸಿಗೆ ಅರ್ಧ ಅಂಕ ಬಂದರೂ ಸಾಕು ಎಂದು ಲೆಕ್ಕ ಹಾಕಿದ್ದೆ. ಬರೆದು ಕೊಟ್ಟರೆ ಇಡೀ ಪತ್ರಿಕೆಯನ್ನೇ ರದ್ದು ಮಾಡುವ ಅಪಾಯವೂ ಇತ್ತು. ಸುಮ್ಮನಿರುವುದು ಲಾಭವೆನಿಸಿತು, ಸುಮ್ಮನಿದ್ದೆ.

ಎರಡು ತಿಂಗಳ ಮೇಲೆ ಸಂದರ್ಶನಕ್ಕೆ ಕರೆ ಬಂತು. ಅಷ್ಟು ಹೊತ್ತಿಗೆ ಅಕ್ಕನ ಜೊತೆ ಹೂಂ, ಉಹೂಂ ಎನ್ನುವಷ್ಟು ಮಾತು ಶುರುವಾಗಿತ್ತು. ಆವತ್ತು ನಾನು ಆಟೋದಲ್ಲಿ ಒಬ್ಬಳೇ ಹೋದೆ.

ಒಳಗೆ ಮೂವರಿದ್ದರು. ಅಧ್ಯಕ್ಷರದು ವಯಸ್ಸಾದ, ನಿಧಾನದ ದನಿ. ಒಬ್ಬ ಮಹಿಳೆ ಕಾಯ್ದೆಯ ಬಗ್ಗೆ ನಾಲ್ಕು ಪ್ರಶ್ನೆ ಕೇಳಿದರು. ನಾಲ್ಕಕ್ಕೂ ಕಲಂ ಸಮೇತ ಉತ್ತರಿಸಿದೆ. ಮೂರನೆಯವರು ಕುರ್ಚಿಯಲ್ಲಿ ಒರಗಿಕೊಂಡು ಕೇಳಿದರು, "ಮೇಡಂ, ಈ ಸ್ಕ್ರೈಬ್ ಅನ್ನೋದು ಇದೆಯಲ್ಲ, ಅದ್ರಲ್ಲಿ ಯಾರ ಬುದ್ಧಿ ಪರೀಕ್ಷೆ ಮಾಡಿದ ಹಾಗಾಯ್ತು? ಹೇಳಿದವರದ್ದೋ, ಬರೆದವರದ್ದೋ? ಈ ಪದ್ಧತೀನೇ ತೆಗೀಬೇಕು ಅಂತ ನನ್ನ ಅಭಿಪ್ರಾಯ."

"ಹೇಳಿದವರದ್ದು ಸಾರ್," ಎಂದೆ. "ಡಿಕ್ಟೇಷನ್ ಕೊಟ್ಟ ಪತ್ರಕ್ಕೆ ನೀವೇ ಸಹಿ ಹಾಕ್ತೀರಲ್ಲ, ಟೈಪಿಸ್ಟ್ ಅಲ್ಲವಲ್ಲ."

ಮಹಿಳೆ ನಕ್ಕರು. ಗೆದ್ದೆ ಎಂದುಕೊಂಡೆ. ಆಗ ಅಧ್ಯಕ್ಷರು ಹಾಳೆ ತಿರುವಿದ ಸದ್ದಾಯಿತು.

"ಇಲ್ಲಿ ನಿಮ್ಮ ನೋಟಿಸ್ ಇದೆ ನೋಡಮ್ಮ. ಓದ್ತೀನಿ." ಅವರು ಓದಿದರು. "'ಮಾನ್ಯರೇ, ತಮ್ಮ ಶಾಲೆಯ ಬಗ್ಗೆ ನಮಗೆ ಅಪಾರ ಗೌರವವಿದೆ. ಆದರೂ ಮಗುವಿಗೆ ಪ್ರವೇಶ ಕೊಡದಿರುವುದು ಕಾಯ್ದೆಯ ಹದಿನಾರನೇ ಕಲಮಿಗೆ ಸರಿಹೊಂದುವುದಿಲ್ಲವೆಂದು ತಮ್ಮ ಅವಗಾಹನೆಗೆ ತರಬಯಸುತ್ತೇವೆ. ತಾವು ದೊಡ್ಡ ಮನಸ್ಸು ಮಾಡಿ ಏಳು ದಿನಗಳೊಳಗೆ ಪ್ರವೇಶ ನೀಡಬೇಕಾಗಿ ಕಳಕಳಿಯ ವಿನಂತಿ. ತಪ್ಪಿದಲ್ಲಿ ಕಾನೂನು ಕ್ರಮವಿರುವುದರಿಂದ, ತಾವು ಅದಕ್ಕೆ ಆಸ್ಪದ ಕೊಡುವುದಿಲ್ಲವೆಂದು ನಂಬಿರುತ್ತೇವೆ. ಇಂತಿ ತಮ್ಮ ವಿಧೇಯ.'"

ನನ್ನ ಉತ್ತರವನ್ನು ನಾನು ಕೇಳಿಸಿಕೊಂಡದ್ದು ಅದೇ ಮೊದಲು. ಮೂವರೂ ನಗುತ್ತಿದ್ದರು, ಕೆಟ್ಟ ನಗುವಲ್ಲ.

"ಜಾರಿ ಅಧಿಕಾರಿ ವಿಧೇಯ ಅಂತ ಬರೆದ್ರೆ ಹೇಗಮ್ಮ?" ಎಂದರು ಅಧ್ಯಕ್ಷರು. ಆಮೇಲೆ ನಗು ಬಿಟ್ಟು ಕೇಳಿದರು. "ಎದುರಿಗೆ ಇಷ್ಟು ಗಟ್ಟಿಯಾಗಿ ಮಾತಾಡ್ತೀರಿ. ಇದು ನಿಮ್ಮ ಮಾತೇನಾ, ಬರೆದವರದ್ದಾ?"

ಬಾಗಿಲು ತೆರೆದೇ ಇತ್ತು. ಅಲ್ಲ ಎಂದರೆ ಸಾಕಿತ್ತು. ಆದರೆ ಎದುರಿಗೆ ಆ ಮೂರನೆಯವರು ಕೂತಿದ್ದರು. ಅಲ್ಲ ಎಂದ ಮರುಕ್ಷಣ ಅವರು, ನಾನು ಹೇಳಲಿಲ್ಲವೇ ಎನ್ನುತ್ತಾರೆ. ಮುಂದೆ ಬರುವ ಎಷ್ಟು ಜನರ ಸ್ಕ್ರೈಬಿಗೆ ನನ್ನ ಹೆಸರು ಹೇಳಿ ಕಲ್ಲು ಹಾಕುತ್ತಾರೋ. ಅಕ್ಕನ ಸಹಿಯಿದ್ದ ಮುಚ್ಚಳಿಕೆಯೂ ಆ ಕಡತದಲ್ಲೇ ಇತ್ತು.

"ನನ್ನದೇ ಸಾರ್," ಎಂದೆ.

"ಓಹೋ," ಎಂದರು ಅಧ್ಯಕ್ಷರು. ಪೆನ್ನಿನಿಂದ ಏನೋ ಗುರುತು ಹಾಕಿಕೊಂಡ ಸದ್ದು. "ಈಗಲೇ ಇನ್ನೊಂದು ಹೇಳಿ ಬರೆಸ್ತೀನಿ ಸಾರ್," ಎಂದೆ. ಹೊರಗೆ ಇನ್ನೂ ಜನ ಕಾಯುತ್ತಿದ್ದ ಕಾರಣ ಅದಕ್ಕೆ ಅವಕಾಶವಾಗಲಿಲ್ಲ.

ತಾತ್ಕಾಲಿಕ ಆಯ್ಕೆಪಟ್ಟಿ ಬಂದಾಗ ಹುದ್ದೆ ಇನ್ನೊಬ್ಬರಿಗೆ ಹೋಗಿತ್ತು. ಹೆಚ್ಚುವರಿ ಪಟ್ಟಿಯಲ್ಲಿ ನನ್ನದು ಮೊದಲ ಹೆಸರು. ಅಂತರ ಐದು ಅಂಕ. ನೋಟಿಸಿಗೆ ಇಪ್ಪತ್ತಕ್ಕೆ ನಾಲ್ಕು ಕೊಟ್ಟಿದ್ದರು. ಆಯ್ಕೆಯಾದವರು ಕೆಲಸಕ್ಕೆ ಸೇರದಿದ್ದರೆ ನನಗೆ ಬರುತ್ತದೆ, ಅಷ್ಟು ಆಸೆ ಉಳಿದಿತ್ತು. ಆಕ್ಷೇಪಣೆ ಇದ್ದರೆ ಹದಿನೈದು ದಿನದೊಳಗೆ ಬರೆದು ಕೊಡಿ ಎಂದು ಕೆಳಗೆ ಒಂದು ಸಾಲಿತ್ತು.

ಆ ಸಂಜೆ ವಠಾರದ ನಲ್ಲಿಯ ಹತ್ತಿರ ಅಕ್ಕ ಸಿಕ್ಕಿ, "ಏನಾತ್ರಿ ಅಕ್ಕೋರ, ಲಿಸ್ಟ್ ಬಂತೇನು?" ಎಂದರು. ಕೇಳಿದ್ದರಲ್ಲಿ ತಪ್ಪೇನಿಲ್ಲ. ನನಗೆ ಮಾತ್ರ ತಡೆಯಲಾಗಲಿಲ್ಲ.

"ಬಂತು. ನಿಮ್ಮ ವಿನಂತಿಗೆ ನಾಲ್ಕು ಮಾರ್ಕ್ಸ್ ಕೊಟ್ಟಿದ್ದಾರೆ. ಐದರಲ್ಲಿ ಹೋಯ್ತು ನನ್ ಕೆಲಸ."

ಕೊಡ ತುಂಬಿ ಹರಿಯುತ್ತಿದ್ದದ್ದು ಕೇಳುತ್ತಿತ್ತು. ಅವರು ನಲ್ಲಿ ನಿಲ್ಲಿಸಲಿಲ್ಲ. ನಾನು ಒಳಗೆ ಬಂದು ಬಾಗಿಲು ಹಾಕಿಕೊಂಡೆ. ಆವತ್ತು ಅತ್ತುಬಿಟ್ಟೆ, ಕೆಲಸ ಹೋದದ್ದಕ್ಕೂ, ಹಾಗೆ ಹೇಳಿದ್ದಕ್ಕೂ.

ಮರುದಿನ ಭಾನುವಾರ. ಬೆಳಿಗ್ಗೆ ಅಕ್ಕ ಬಂದು ಒಳಗೆ ಕೂತರು. ಕಾಗದ ಬಿಚ್ಚಿದ ಸದ್ದು.

"ಓದ್ತೇನಿ, ಕೇಳ್ರಿ," ಎಂದರು. "'ಪರೀಕ್ಷೆಯ ದಿವಸ ನೋಟಿಸ್ ಬರೆಯುವಾಗ ಅಭ್ಯರ್ಥಿ ಹೇಳಿದ ಮಾತು ಬಿಟ್ಟು ನಾನು ನನ್ನ ಮಾತು ಬರೆದಿದ್ದೇನೆ. ಇದು ಅವರಿಗೆ ಗೊತ್ತಿರಲಿಲ್ಲ. ತಪ್ಪು ನನ್ನದು. ಆ ಒಂದು ಪ್ರಶ್ನೆಗೆ ಅವರಿಗೆ ಮತ್ತೆ ಪರೀಕ್ಷೆ ಕೊಡಬೇಕು.' ಕೆಳಗ ನನ್ನ ಹೆಸರು, ಸಹಿ. ನಾಳೆ ರಿಜಿಸ್ಟರ್ ಪೋಸ್ಟ್ ಮಾಡ್ತೇನ್ರಿ."

"ಬೇಡ ಅಕ್ಕ."

"ಯಾಕ? ನನ್ನ ಮ್ಯಾಲೆ ಕ್ರಮಾ ತಗೋತಾರಂತೇನು? ತಗೊಳ್ಳಿ. ನಾ ಏನ್ ಇನ್ನೊಮ್ಮೆ ಪರೀಕ್ಷಾ ಬರ್ಯಾಕ ಹೋಗಾಕಿ ಅದೇನೇನು?"

"ಅದಕ್ಕಲ್ಲ." ಹೇಳದೆ ಬೇರೆ ದಾರಿ ಇರಲಿಲ್ಲ. "ಸಂದರ್ಶನದಲ್ಲಿ ಅದನ್ನ ಓದಿ, ಇದು ನಿಮ್ಮ ಮಾತಾ ಅಂತ ಕೇಳಿದ್ರು. ನಾನು, ನನ್ನದೇ ಅಂದುಬಿಟ್ಟೆ. ಈಗ ನಿಮ್ಮ ಕಾಗದ ಹೋದ್ರೆ ನಾನು ಸುಳ್ಳಿ ಆಗ್ತೀನಿ. ಹೆಚ್ಚುವರಿ ಪಟ್ಟಿಯಿಂದಾನೂ ತೆಗೀತಾರೆ."

ಅಕ್ಕ ಕಾಗದ ಮಡಿಚಿದರು. ಕೃತಜ್ಞತೆಯ ಮಾತೇನಾದರೂ ಬರಬಹುದೆಂದು ನಾನು ಕಾದೆ. ನಿಜ ಹೇಳಬೇಕೆಂದರೆ, ಬರಲಿ ಎಂದು ಬಯಸಿದ್ದೆ.

"ನನ್ನ ಸಲುವಾಗಿ ಹೇಳಿದ್ರೇನು?"

"ನಿಮ್ಮ ಸಲುವಾಗೂ ಹೌದು."

"ನನ್ನ ಕೇಳಿದ್ರೇನು?" ದನಿ ಏರಿತ್ತು. ಅಕ್ಕನಿಗೆ ಸಿಟ್ಟು ಬಂದದ್ದನ್ನು ನಾನು ಅದಕ್ಕೂ ಮೊದಲು ಕೇಳಿರಲಿಲ್ಲ. "ನಾ ನಿಮ್ಮ ಮಾತ ತಿದ್ದಿದ್ದಕ್ಕ ಬಸ್ಸಿನ್ಯಾಗ ಮಂದಿ ಮುಂದ ಬೈದ್ರಿ. ಯಾರ್ ಹೇಳಿದ್ರು ನಿಮಗ ಅಂದ್ರಿ. ಬರೋಬ್ಬರಿ ಅಂದ್ರಿ, ನನ್ನ ತಪ್ಪ. ಈಗ ನೀವ್ ಏನ್ ಮಾಡೀರಿ? ನನ್ನ ತಪ್ಪ ನನ್ನ ಕೇಳಲಾರದ ನಿಮ್ಮ ಹೆಸರಿಗೆ ಹಚಗೊಂಡೀರಿ. ನಾ ಹೌದು ಅಂತಿದ್ದೆ, ಅಲ್ಲ ಅಂತಿದ್ದೆ, ನನಗ ಬಾಯಿ ಐತಲ್ರಿ? ನಿಮಗ ಕಣ್ಣಿಲ್ಲ ಅಂತ ಮಂದಿ ನಿಮ್ಮ ಪರವಾಗಿ ಮಾತಾಡಿದ್ರ ನಿಮಗ ಎಷ್ಟ ಸಿಟ್ಟ ಬರ್ತೈತಿ. ನಾ ಎಸ್ಸೆಸ್ಸೆಲ್ಸಿ ಕಲ್ತಾಕಿ ಅಂತ ನೀವ್ ನನ್ನ ಪರವಾಗಿ ಮಾತಾಡಬಹುದೇನು?"

ಹನ್ನೊಂದು ವರ್ಷ ಸಹಾಯವಾಣಿಯಲ್ಲಿ ಕೂತು ನಾನು ಊರಿಗೆಲ್ಲ ಹೇಳುತ್ತಿದ್ದ ಮಾತು ಅದೇ. ನಮ್ಮನ್ನು ಕೇಳದೆ ನಮಗಾಗಿ ಏನನ್ನೂ ತೀರ್ಮಾನ ಮಾಡಬೇಡಿ ಎಂದು ಎಷ್ಟು ಪತ್ರ ಬರೆದಿದ್ದೇನೋ ಲೆಕ್ಕವಿಲ್ಲ. ಮೂರನೇ ಬಾಗಿಲಿನ ಅಕ್ಕ ಆ ಮಾತನ್ನು ನನಗೇ ಹೇಳಿದಾಗ ನನಗೆ ನಾಚಿಕೆಯಾಯಿತು.

"ತಪ್ಪಾಯ್ತು ಅಕ್ಕ," ಎಂದೆ. "ಈಗ ಕೇಳ್ತೀನಿ. ಏನ್ ಮಾಡೋಣ?"

ಅವರು ಯೋಚಿಸಿದರು. "ಕಳಸಿದ್ರ ಕೆಲಸದ ಆಸೆ ಪೂರಾ ಹೋಗ್ತೈತೇನ್ರಿ?"

"ಹೋಗುತ್ತೆ. ಸಂದರ್ಶನದಲ್ಲಿ ಒಬ್ಬರು ಸ್ಕ್ರೈಬ್ ಪದ್ಧತೀನೇ ಬೇಡ ಅಂದ್ರು, ಅವರಿಗೂ ಒಂದು ಮಾತು ಸಿಕ್ಕಿದ ಹಾಗಾಗುತ್ತೆ."

"ಕಳಸಲಿಲ್ಲಂದ್ರ?"

"ಆಯ್ಕೆ ಆದವ್ರು ಸೇರದೇ ಹೋದ್ರೆ ಸಿಗಬಹುದು. ಸಿಕ್ಕಿದ ಮೇಲೆ ಸುಳ್ಳು ಹೇಳಿದವ್ರಿಗೆಲ್ಲ ನಾನು ನೋಟಿಸ್ ಕೊಡ್ತಾ ಕೂತ್ಕೋಬೇಕು."

"ನನ್ನದು ನಾ ಹೇಳೇನಿ. ಕಳಸೂದ," ಎಂದರು ಅಕ್ಕ. "ನಿಮ್ದು ನೀವ್ ಹೇಳ್ರಿ."

ಆಯ್ಕೆಯಾದವರು ಸೇರದೇ ಇರುವ ಸಾಧ್ಯತೆಯನ್ನು ಕೊನೆಯ ಸಲ ಲೆಕ್ಕ ಹಾಕಿದೆ. ಆಮೇಲೆ, ನಾನು ಹೇಳಬೇಕಾದದ್ದನ್ನೂ ಅದೇ ಕಾಗದದಲ್ಲಿ ಕೆಳಗೆ ಸೇರಿಸಿ, ಇಬ್ಬರೂ ಸಹಿ ಹಾಕೋಣ ಎಂದೆ. ಅವರು ಕಾಗದವನ್ನು ಮಣೆಯ ಮೇಲೆ ಹರಡಿ ಪೆನ್ನಿನ ಮುಚ್ಚಳ ತೆಗೆದರು.

"ಹೇಳ್ರಿ."

"ಸಂದರ್ಶನದಲ್ಲಿ ಅಧ್ಯಕ್ಷರು ಕೇಳಿದಾಗ, ಆ ಮಾತು ನನ್ನದೇ ಎಂದು ನಾನು ಸುಳ್ಳು ಹೇಳಿದೆ. ಚುಕ್ಕೆ."

ಪೆನ್ನು ಸ್ವಲ್ಪ ದೂರ ಓಡಿ ನಿಂತಿತು.

"ಸುಳ್ಳು ಅಂತನ ಬರೀಲೇನ್ರಿ, ಅಕ್ಕೋರ?"

"ಹೌದಕ್ಕ. ಹಾಗೇ ಬರೀರಿ."